ವಸಂತದ ಟರ್ಕಿ ಬೇಟೆಗೆ 12 ಗೇಜ್ ಕೋವಿಯಲ್ಲಿ ಯಾವ ತೋಟಾ, ಯಾವ ನಂಬರಿನ ಚರೆ?

ತುಂಗಾತೀರ (ಪೆನ್ಸಿಲ್ವೇನಿಯಾ):

ಎಲ್ಲರಿಗೂ ನಮಸ್ಕಾರ. ನಮ್ಮ ರಾಜ್ಯದಲ್ಲಿ ಗಂಡು ಟರ್ಕಿ ಕೋಳಿಯ ವಸಂತ ಋತುವಿನ ಬೇಟೆ ಮೇ ತಿಂಗಳ ಆರಂಭದ ಹೊತ್ತಿಗೆ ತೆರೆಯುತ್ತದೆ. ಬೇಟೆ ಸುರಕ್ಷತೆಯ ತರಗತಿಯನ್ನು ಮುಗಿಸಿ ಪರವಾನಗಿ ಪಡೆದಿದ್ದೇನೆ. 3 ಇಂಚಿನ ಚೇಂಬರ್ (ತೋಟಾ ಕೂರುವ ಗೂಡು) ಇರುವ 12 ಗೇಜ್ ಪಂಪ್ ಕೋವಿಯಿದೆ, ಅದರ ಜೊತೆಗೇ ಬಂದ ಫುಲ್ ಚೋಕ್ (ಚರೆ ಬೇಗ ಹರಡದಂತೆ ನಳಿಗೆಯ ಬಾಯಿಯನ್ನು ಕಿರಿದಾಗಿಸುವ ಕೊಳವೆ) ಇದೆ. ಇಷ್ಟರವರೆಗೆ ಗೊಂದಲವಿರಲಿಲ್ಲ, ತೋಟಾ ಕೊಳ್ಳಲು ಹೋದಾಗ ಶುರುವಾಯಿತು. ಸೀಸದ 4, 5, 6ನೇ ನಂಬರಿನ ಚರೆಗಳು (ತೋಟಾದೊಳಗಿನ ಸಣ್ಣ ಗುಂಡುಗಳು, ನಂಬರು ಹೆಚ್ಚಿದಷ್ಟೂ ಸಣ್ಣವು), ತಾಮ್ರದ ಲೇಪನವಿರುವ ಸೀಸ, ಬಿಸ್ಮತ್, ಟಂಗ್‌ಸ್ಟನ್ ಹೀಗೆ ಒಂದೇ ಕಪಾಟಿನಲ್ಲಿ ಹತ್ತಾರು ಬಗೆಗಳಿವೆ. ಕೆಲವು ಡಬ್ಬಿಯಲ್ಲಿ ಹತ್ತು ತೋಟಾಗಳಿದ್ದರೆ, ಅದಕ್ಕಿಂತ ಹೆಚ್ಚು ಬೆಲೆಯ ಟಂಗ್‌ಸ್ಟನ್ ಡಬ್ಬಿಯಲ್ಲಿ ಐದೇ ಇವೆ. ಮಲೆನಾಡಿನ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿಯಿತ್ತು. ಕೋಳಿ ಜಾತಿಗೆಲ್ಲ 6ನೇ ನಂಬರು ಎನ್ನುವ ಮಾತನ್ನು ಕೇಳಿಕೊಂಡೇ ಬೆಳೆದವನು ನಾನು. ಟರ್ಕಿಗೂ ಅದೇ ಸಾಕೇ? 3½ ಇಂಚಿನ ತೋಟಾ ಇಲ್ಲದೆ ಟರ್ಕಿ ಬೀಳುವುದಿಲ್ಲ ಎಂದು ಅಂಗಡಿಯಲ್ಲಿ ಒಬ್ಬರು ಹೇಳಿದರು, ಅದು ನಿಜವೇ?

ಹಳೇಕೋವಿ (ನ್ಯೂಯಾರ್ಕ್):

3½ ಇಂಚಿನ ವಿಷಯವನ್ನು ಮೊದಲು ಮುಗಿಸೋಣ. ನಿಮ್ಮದು 3 ಇಂಚಿನ ಚೇಂಬರ್ ಆದ್ದರಿಂದ ಅದಕ್ಕಿಂತ ಉದ್ದದ ತೋಟಾವನ್ನು ಅದರಲ್ಲಿ ಹಾಕಲೇಬಾರದು. ಚೇಂಬರಿನ ಅಳತೆ ನಳಿಗೆಯ ಮೇಲೆಯೇ ಕೆತ್ತಿರುತ್ತದೆ, ಇನ್ನೊಮ್ಮೆ ನೋಡಿಕೊಳ್ಳಿ. 12 ಗೇಜಿನ 3½ ಇಂಚಿನ ತೋಟಾ ಬಂದದ್ದೇ 1988ರಲ್ಲಿ. ಅದಕ್ಕೂ ಹಿಂದಿನ ತಲೆಮಾರಿನವರು 2¾ ಮತ್ತು 3 ಇಂಚಿನ ತೋಟಾಗಳಿಂದಲೇ ಟರ್ಕಿ ಹೊಡೆದಿದ್ದಾರೆ.

ಇನ್ನು ಅಜ್ಜನ 6ನೇ ನಂಬರು. ಊರಿನಲ್ಲಿ ದಪ್ಪ ಚರೆಗೆ ಎಲ್‌ಜಿ, ಎಸ್‌ಜಿ ಎಂದು ಹೇಳುವುದು ಬ್ರಿಟಿಷ್ ಪಟ್ಟಿಯಿಂದ ಬಂದದ್ದು, ಆ ಪಟ್ಟಿಯ 6ನೇ ನಂಬರಿನ ಚರೆಯ ಅಡ್ಡಳತೆ ಸುಮಾರು 2.6 ಮಿಲಿಮೀಟರ್. ಅಮೆರಿಕದ 6ನೇ ನಂಬರು ಸುಮಾರು 2.8 ಮಿಲಿಮೀಟರ್, ಅಂದರೆ ಬ್ರಿಟಿಷ್ 5ಕ್ಕೆ ಸಮ. ಅಮೆರಿಕದ ನಂಬರನ್ನು 17ರಿಂದ ಕಳೆದರೆ ಚರೆಯ ಅಡ್ಡಳತೆ ಇಂಚಿನ ನೂರನೇ ಭಾಗಗಳಲ್ಲಿ ಸಿಗುತ್ತದೆ: 4ಕ್ಕೆ 0.13, 5ಕ್ಕೆ 0.12, 6ಕ್ಕೆ 0.11 ಇಂಚು. ಹಾಗಾಗಿ ಊರಿನ ಲೆಕ್ಕವನ್ನು ಇಲ್ಲಿನ ಡಬ್ಬಿಗೆ ನೇರವಾಗಿ ಹಚ್ಚಬೇಡಿ.

ಮುಖ್ಯ ವಿಷಯವೆಂದರೆ ಟರ್ಕಿಯನ್ನು ಮೈಗೆ ಹೊಡೆಯುವುದಿಲ್ಲ. ಇಪ್ಪತ್ತು ಪೌಂಡಿನ ಆಸುಪಾಸು ತೂಗುವ ಗಂಡು ಹಕ್ಕಿಯ ಎದೆಯ ಗರಿ, ರೆಕ್ಕೆಯ ಮೂಳೆ, ದಪ್ಪ ಮಾಂಸ ಇವೆಲ್ಲ ಸೇರಿ ಚರೆಯನ್ನು ತಡೆದುಬಿಡುತ್ತವೆ. ಹಕ್ಕಿ ಗಾಯಗೊಂಡು ಓಡಿಹೋಗಿ ಎಲ್ಲೋ ಸಾಯುತ್ತದೆ. ಗುರಿಯಿಡಬೇಕಾದದ್ದು ತಲೆ ಮತ್ತು ಕತ್ತಿಗೆ, ಅಲ್ಲಿ ಮೆದುಳು ಮತ್ತು ಕತ್ತಿನ ಮೂಳೆಗೆ ಒಂದಷ್ಟು ಚರೆ ತಾಕಿದರೆ ಹಕ್ಕಿ ನಿಂತಲ್ಲೇ ಬೀಳುತ್ತದೆ. ಗುರಿ ಅಷ್ಟು ಕಿರಿದಾಗಿರುವಾಗ ಚರೆ ದಪ್ಪವಾಗಿರುವುದಕ್ಕಿಂತ ದಟ್ಟವಾಗಿ ಬೀಳುವುದು ಮುಖ್ಯ. ಒಂದು ಔನ್ಸ್ ಸೀಸದಲ್ಲಿ 4ನೇ ನಂಬರಿನ ಚರೆಗಳು ಸುಮಾರು 135, 5ನೆಯವು 170, 6ನೆಯವು 225 ಇರುತ್ತವೆ. ನಿಮ್ಮ 3 ಇಂಚಿನ ತೋಟಾದಲ್ಲಿ 1¾ ಔನ್ಸ್ ಚರೆ ಇದೆಯೆಂದಿಟ್ಟುಕೊಂಡರೆ 4ರಲ್ಲಿ ಸುಮಾರು 235, 6ರಲ್ಲಿ 390ಕ್ಕೂ ಹೆಚ್ಚು. ಈ ವ್ಯತ್ಯಾಸ ಸಣ್ಣದಲ್ಲ. ಸೀಸವಾದರೆ ನಾನು 5 ಅಥವಾ 6 ಎನ್ನುತ್ತೇನೆ. 4ನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ.

ಲೋಹಶಾಸ್ತ್ರಿ (ವಿಸ್ಕಾನ್ಸಿನ್):

ಹಳೇಕೋವಿಯವರು ಚರೆಯ ಎಣಿಕೆಯ ಬಗ್ಗೆ ಬರೆದಿದ್ದಾರೆ, ಒಳಹೊಗುವ ಶಕ್ತಿಯ ಬಗ್ಗೆ ನಾನು ಒಂದಿಷ್ಟು ಸೇರಿಸುತ್ತೇನೆ. ದುಂಡಗಿನ ಚರೆಯೊಂದು ಗಾಳಿಯನ್ನೂ ಮಾಂಸವನ್ನೂ ಸೀಳಿಕೊಂಡು ಎಷ್ಟು ದೂರ ಸಾಗುತ್ತದೆ ಎನ್ನುವುದು, ವೇಗ ಒಂದೇ ಆಗಿದ್ದರೆ, ಅದರ ತೂಕವನ್ನು ಎದುರಿನ ವಿಸ್ತೀರ್ಣದಿಂದ ಭಾಗಿಸಿದಾಗ ಸಿಗುವ ಬೆಲೆಯನ್ನು ಅವಲಂಬಿಸಿದೆ. ಗೋಲಕ್ಕೆ ಇದನ್ನು ಸರಳಗೊಳಿಸಿದರೆ ಸಾಂದ್ರತೆ ಗುಣಿಸು ಅಡ್ಡಳತೆ ಎಂದಷ್ಟೇ ಉಳಿಯುತ್ತದೆ. ಗಟ್ಟಿ ಮಾಡಿದ ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 11 ಗ್ರಾಂ, ಬಿಸ್ಮತ್‌ನದು ಸುಮಾರು 9.6, ಉಕ್ಕಿನದು 7.8. ಟಿಎಸ್ಎಸ್ ಎಂದು ಕರೆಯುವ ಟಂಗ್‌ಸ್ಟನ್ ಸೂಪರ್ ಶಾಟ್‌ನದು 18ರ ಆಸುಪಾಸು.

ಈಗ ಲೆಕ್ಕ ಹಾಕಿ. 9ನೇ ನಂಬರಿನ ಟಿಎಸ್ಎಸ್ ಚರೆಯ ಅಡ್ಡಳತೆ 0.08 ಇಂಚು, 18ರಿಂದ ಗುಣಿಸಿದರೆ 1.44. ಸೀಸದ 4ನೇ ನಂಬರಿಗೆ 0.13 ಗುಣಿಸು 11, ಅಂದರೆ 1.43. ನೋಡಲು ಸಾಸಿವೆಕಾಳಿನಂತಿರುವ ಈ ಚರೆ, ಒಳಹೊಗುವ ವಿಷಯದಲ್ಲಿ ಸೀಸದ 4ಕ್ಕೆ ಸರಿಸಾಟಿ. ಆದರೆ ಒಂದು ಔನ್ಸಿನಲ್ಲಿ ಅವು 360ರಷ್ಟಿರುತ್ತವೆ, ಸೀಸದ 4ರಲ್ಲಿರುವುದು 135. ದುಡ್ಡು ಹೆಚ್ಚು ಕೇಳುತ್ತಾರೆಂದರೆ ಅದಕ್ಕೆ ಪ್ರತಿಯಾಗಿ ಸಿಗುವುದೂ ಇದೆ. ಇದೇ ಲೆಕ್ಕವನ್ನು ಉಕ್ಕಿಗೆ ಹಚ್ಚಿದರೆ 4ನೇ ನಂಬರಿನ ಉಕ್ಕಿನ ಚರೆಗೆ ಒಂದರ ಸುತ್ತಮುತ್ತ ಮಾತ್ರ ಬರುತ್ತದೆ. ಟರ್ಕಿಗೆ ಉಕ್ಕು ಬಳಸುವವರು ಹತ್ತಿರದಿಂದಲೇ ಹೊಡೆಯಬೇಕು.

ಕಪ್ಪುಮಣ್ಣು (ಟೆಕ್ಸಾಸ್):

ಲೆಕ್ಕವನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ನಾನಿರುವ ಕಡೆ ರಿಯೊ ಗ್ರಾಂಡೆ ತಳಿಯ ಟರ್ಕಿಗಳು. ಕುರುಚಲು ಕಾಡು, ಬಯಲು, ದೂರದವರೆಗೆ ಕಣ್ಣು ಹರಿಯುತ್ತದೆ. ಅಂಥ ಕಡೆಯೂ ತಾಮ್ರಲೇಪಿತ ಸೀಸದ 5ನೇ ನಂಬರಿನಲ್ಲಿ ನನಗೆ ಎಂದೂ ಕೊರತೆ ಕಂಡಿಲ್ಲ. ಕಾರಣ, ಹಕ್ಕಿಯನ್ನು ಕರೆದು ಮೂವತ್ತು ಗಜದೊಳಗೆ ತರುವುದೇ ಈ ಬೇಟೆಯ ಸ್ವಾರಸ್ಯ. ಹೆಣ್ಣಿನ ದನಿಯನ್ನು ಅನುಕರಿಸಿ, ಗಂಡು ಗುಟುರು ಹಾಕಿ, ಮತ್ತೆ ಸುಮ್ಮನಾಗಿ, ಕೊನೆಗೆ ಅದರ ಕೆಂಪು-ನೀಲಿ ತಲೆ ಪೊದೆಯ ಮರೆಯಿಂದ ಕಾಣಿಸಿಕೊಳ್ಳುವವರೆಗೆ ಕಾಯುವ ತಾಳ್ಮೆಯಿದ್ದರೆ ಸೀಸಕ್ಕೂ ಟಂಗ್‌ಸ್ಟನ್‌ಗೂ ಹಕ್ಕಿಗೆ ವ್ಯತ್ಯಾಸ ತಿಳಿಯುವುದಿಲ್ಲ. ದುಬಾರಿ ತೋಟಾ ಕೈಯಲ್ಲಿದ್ದರೆ ಅರವತ್ತು ಗಜಕ್ಕೂ ಹೊಡೆಯಬಹುದೆಂಬ ಹುಂಬತನ ಬರುತ್ತದೆ, ನನ್ನ ತಕರಾರು ಇರುವುದು ಅಲ್ಲಿ.

ಟಂಗ್‌ಸ್ಟನ್ ಉತ್ಪಾದನೆಯಲ್ಲಿ ಚೀನಾದ್ದೇ ಸಿಂಹಪಾಲು, 2025ರ ಫೆಬ್ರವರಿಯಲ್ಲಿ ಆ ದೇಶ ರಫ್ತು ನಿಯಂತ್ರಣವನ್ನೂ ಹೇರಿದೆ. ಈ ಬೆಲೆ ಬೇಗ ಇಳಿಯುವ ಲಕ್ಷಣ ಕಾಣುತ್ತಿಲ್ಲ. ಅಂದ ಹಾಗೆ, ಯಾವ ತೋಟಾ ಕೊಂಡರೂ ಅದರ ಮೇಲೆ ಶೇಕಡಾ 11ರ ಅಬಕಾರಿ ತೆರಿಗೆ ಬೀಳುತ್ತದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯಂತೆ ಆ ಹಣ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಹುಪಾಲು ಕಡೆ ಕಣ್ಮರೆಯಾಗಿದ್ದ ಟರ್ಕಿಯನ್ನು ಬಲೆ ಹಾಕಿ ಹಿಡಿದು ಬೇರೆ ಕಾಡುಗಳಿಗೆ ಸಾಗಿಸಿ ಮತ್ತೆ ನೆಲೆಯೂರಿಸಿದ್ದರಲ್ಲಿ ಈ ಹಣದ ಪಾತ್ರ ದೊಡ್ಡದು. ಬೆಲೆಯ ಬಗ್ಗೆ ಗೊಣಗುವಾಗ ನಾನು ಇದನ್ನು ನೆನಪಿಸಿಕೊಳ್ಳುತ್ತೇನೆ.

ಬೆಟ್ಟದಹೂ (ಮಿಸೌರಿ):

ಇಲ್ಲಿ ಬರೆದವರೆಲ್ಲ 12 ಗೇಜಿನವರೇ ಇರುವಂತಿದೆ, ಆದ್ದರಿಂದ 20 ಗೇಜ್ (ಗೇಜಿನ ನಂಬರು ಹೆಚ್ಚಿದಷ್ಟೂ ನಳಿಗೆ ಕಿರಿದು) ಹಿಡಿಯುವ ನನ್ನ ಮಾತನ್ನೂ ಕೇಳಿ. ಟಿಎಸ್ಎಸ್ ಬಂದ ಮೇಲೆ ಹೆಚ್ಚು ಲಾಭವಾದದ್ದು ದೂರ ಹೊಡೆಯುವವರಿಗಲ್ಲ, ಹಗುರವಾದ ಕೋವಿ ಹಿಡಿಯುವವರಿಗೆ. 20 ಗೇಜಿನ 3 ಇಂಚಿನ ತೋಟಾದಲ್ಲಿ 1½ ಔನ್ಸ್ ಟಿಎಸ್ಎಸ್ ಸಿಗುತ್ತದೆ, 9ನೇ ನಂಬರಿನಲ್ಲಿ ಅದು 540ರಷ್ಟು ಚರೆ. ಇನ್ನೂ ಸೋಜಿಗದ ಸಂಗತಿ ಬೇಕೆಂದರೆ ಇನ್ನೂ ಕಿರಿದಾದ ನಳಿಗೆಯ ಪಾಯಿಂಟ್ 410 ಬೋರಿನ ಸಣ್ಣ ತೋಟಾವನ್ನು ನೋಡಿ: ಅದರಲ್ಲಿ ಔನ್ಸಿನ ಹದಿನಾರರಲ್ಲಿ ಹದಿಮೂರು ಭಾಗ ಟಿಎಸ್ಎಸ್ ತುಂಬಿದರೂ 290ರಷ್ಟು ಚರೆಗಳಾಗುತ್ತವೆ, 12 ಗೇಜಿನ 1¾ ಔನ್ಸ್ ಸೀಸದ 5ನೇ ನಂಬರಿನಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ಮೈಕಟ್ಟು ಚಿಕ್ಕದಿರುವವರು, ಮಕ್ಕಳು, ಭುಜದ ನೋವಿರುವವರು ಈಗ ಕೋವಿಯ ಒದೆತಕ್ಕೆ ಹೆದರಿ ಕಣ್ಣು ಮುಚ್ಚಿಕೊಂಡು ಕುದುರೆ (ಟ್ರಿಗರ್) ಎಳೆಯಬೇಕಾಗಿಲ್ಲ. ಒದೆತಕ್ಕೆ ಹೆದರುವವರ ಗುರಿ ತಪ್ಪುವಷ್ಟು ಬೇರೆ ಯಾವ ಕಾರಣಕ್ಕೂ ತಪ್ಪುವುದಿಲ್ಲ.

ಮನೆಯಲ್ಲಿ 12 ಮತ್ತು 20 ಎರಡೂ ಗೇಜಿನ ಕೋವಿಗಳಿರುವವರಿಗೆ ಒಂದು ಎಚ್ಚರಿಕೆ. 20 ಗೇಜಿನ ತೋಟಾ ಹಳದಿ ಬಣ್ಣದ್ದಾಗಿರುವುದು ಅಂದಕ್ಕಾಗಿ ಅಲ್ಲ. ತಪ್ಪಿ ಅದನ್ನು 12 ಗೇಜಿಗೆ ಹಾಕಿದರೆ ಅದು ಒಳಗೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಚೇಂಬರ್ ಖಾಲಿಯಿದೆಯೆಂದುಕೊಂಡು ಹಿಂದೆ 12 ಗೇಜಿನ ತೋಟಾ ಹಾಕಿ ಹೊಡೆದರೆ ನಳಿಗೆಯೇ ಸಿಡಿಯುತ್ತದೆ. ಒಂದೇ ಜೇಬಿನಲ್ಲಿ, ಒಂದೇ ಚೀಲದಲ್ಲಿ ಎರಡನ್ನೂ ಇಡಬಾರದು.

ತುಂಗಾತೀರ (ಪೆನ್ಸಿಲ್ವೇನಿಯಾ):

ಎಲ್ಲರಿಗೂ ಧನ್ಯವಾದಗಳು. ನಮ್ಮ ರಾಜ್ಯದ ನಿಯಮವನ್ನು ಓದಿದೆ. ಟರ್ಕಿಗೆ ಸೀಸದಲ್ಲಿ 4ಕ್ಕಿಂತ ದಪ್ಪದ ಚರೆಯನ್ನು ಬಳಸುವಂತಿಲ್ಲ, ಉಕ್ಕಿನಲ್ಲಿ 2ರವರೆಗೆ ಅನುಮತಿಯಿದೆ. ಹಾಗಾಗಿ ಹಳೇಕೋವಿಯವರ 5, 6 ನನಗೆ ಸರಿಹೊಂದುತ್ತದೆ. ಆದರೆ ಈ ಎರಡರಲ್ಲಿ ಯಾವುದು ಎನ್ನುವುದನ್ನು ಹೇಗೆ ನಿರ್ಧರಿಸುವುದು? ಬೇರೆ ಚೋಕ್ ಕೊಳ್ಳಬೇಕೇ?

ಹಳೇಕೋವಿ (ನ್ಯೂಯಾರ್ಕ್):

ಅದನ್ನು ನಾವ್ಯಾರೂ ಹೇಳಲಾರೆವು, ನಿಮ್ಮ ಕೋವಿಯೇ ಹೇಳಬೇಕು. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಕೋವಿಗಳು ಅದೇ ತೋಟಾವನ್ನು ಬೇರೆ ಬೇರೆ ರೀತಿಯಲ್ಲಿ ಹರಡುತ್ತವೆ. 5 ಮತ್ತು 6 ಎರಡರ ಒಂದೊಂದು ಡಬ್ಬಿ ಕೊಳ್ಳಿ, ದೊಡ್ಡ ಕಾಗದದ ಹಾಳೆಗಳ ಮೇಲೆ ಹೊಡೆದು ನೋಡಿ.

ಮೊದಲು ಅಗ್ಗದ, ಹಗುರವಾದ ಟಾರ್ಗೆಟ್ ತೋಟಾದಿಂದ ಇಪ್ಪತ್ತು ಗಜದಲ್ಲಿ ಹೊಡೆಯಿರಿ. ಗುರಿಯಿಟ್ಟ ಬಿಂದುವಿಗೂ ಚರೆಗಳ ಗುಂಪಿನ ನಡುವಿಗೂ ಎಷ್ಟು ಅಂತರವಿದೆ ಎನ್ನುವುದು ಭುಜ ನೋಯಿಸಿಕೊಳ್ಳದೆ ತಿಳಿಯುತ್ತದೆ. ಗುರಿಯಿಡಲು ನಳಿಗೆಯ ತುದಿಯ ಮಣಿಯೊಂದೇ ಇರುವ ಕೋವಿಯಲ್ಲಿ ತಲೆಯನ್ನು ದಿಮ್ಮಿಯಿಂದ (ಭುಜಕ್ಕೆ ಆನಿಸುವ ಭಾಗ) ಸ್ವಲ್ಪ ಮೇಲೆತ್ತಿದರೂ ಚರೆಯೆಲ್ಲ ಹಕ್ಕಿಯ ಮೇಲಿಂದ ಹಾರಿಹೋಗುತ್ತದೆ. ಅದಕ್ಕಾಗಿಯೇ ಬಹಳ ಮಂದಿ ಈಗ ಕೆಂಪು ಚುಕ್ಕೆಯ ಸೈಟ್ ಹಾಕಿಸಿಕೊಳ್ಳುತ್ತಾರೆ. ಗುರಿ ಸರಿಯಾದ ಮೇಲೆ ಟರ್ಕಿ ತೋಟಾಗಳನ್ನು ನಲವತ್ತು ಗಜಕ್ಕೆ ಹೊಡೆಯಿರಿ. ಹಾಳೆಯನ್ನು ತಂದು, ಚರೆಗಳು ಅತಿ ದಟ್ಟವಾಗಿ ಬಿದ್ದ ಕಡೆ ನಡುವಿಟ್ಟು ಹತ್ತು ಇಂಚಿನ ವೃತ್ತ ಎಳೆದು, ಒಳಗಿನ ತೂತುಗಳನ್ನು ಒಂದೊಂದಾಗಿ ಪೆನ್ನಿನಿಂದ ಗುರುತಿಸುತ್ತಾ ಎಣಿಸಿ. ನೂರು ದಾಟಿದರೆ ಆ ತೋಟಾ, ಆ ಚೋಕ್, ಆ ದೂರ ಮೂರೂ ಕೂಡಿ ಬರುತ್ತವೆ ಎಂಬುದು ಇಲ್ಲಿನ ಬೇಟೆಗಾರರಲ್ಲಿ ರೂಢಿಯಲ್ಲಿರುವ ಲೆಕ್ಕ. ದಾಟದಿದ್ದರೆ ಮೂವತ್ತೈದಕ್ಕೆ, ಆಮೇಲೆ ಮೂವತ್ತಕ್ಕೆ ಇಳಿಯಿರಿ. ನೂರು ಸಿಕ್ಕ ದೂರವೇ ನಿಮ್ಮ ಗಡಿ. ಒಂದೇ ಹಾಳೆಯನ್ನು ನಂಬಬೇಡಿ, ಪ್ರತಿ ಬಗೆಗೂ ಕೆಲವು ಹಾಳೆಗಳು ಬೇಕು.

ಎಣಿಕೆಯಷ್ಟೇ ಸಾಲದು, ಹಾಳೆಯ ಮೇಲೆ ಟರ್ಕಿಯ ತಲೆ ಮತ್ತು ಕತ್ತಿನ ಚಿತ್ರವನ್ನು ಇಟ್ಟು ನೋಡಿ. ನೂರಿಪ್ಪತ್ತು ಚರೆ ವೃತ್ತದೊಳಗಿದ್ದರೂ ನಡುವೆ ಒಂದು ಕಡೆ ಖಾಲಿ ಜಾಗ ಉಳಿದು, ಕತ್ತು ಸರಿಯಾಗಿ ಅಲ್ಲಿಗೇ ಬೀಳುವುದುಂಟು. ಹತ್ತಿರದ ದೂರದಲ್ಲೂ ಒಂದೆರಡು ಹಾಳೆ ಹೊಡೆಯಿರಿ ಎಂದು ಮರೆಯದೆ ಹೇಳುತ್ತೇನೆ. ತುಂಬ ಬಿಗಿಯಾದ ಚೋಕ್ ಇದ್ದರೆ ಹದಿನೈದು ಗಜದಲ್ಲಿ ಇಡೀ ಚರೆಗುಂಪು ಮುಷ್ಟಿಯಷ್ಟೇ ಅಗಲವಿರುತ್ತದೆ. ಹಕ್ಕಿ ತೀರ ಹತ್ತಿರ ಬಂದು ಕತ್ತು ಆಡಿಸುತ್ತಿರುವಾಗ ಆ ಮುಷ್ಟಿಯಗಲದ ಗುಂಪು ಪಕ್ಕದಿಂದ ಸಾಗಿಹೋಗುವುದು ಹೊಸದೇನಲ್ಲ. ಟರ್ಕಿ ತಪ್ಪಿಸಿಕೊಳ್ಳುವುದು ದೂರದಿಂದ ಮಾತ್ರ ಎಂದುಕೊಳ್ಳಬೇಡಿ.

ಚೋಕ್ ವಿಷಯ: ಮೊದಲು ಇರುವ ಫುಲ್ ಚೋಕಿನಲ್ಲೇ ನೋಡಿ. ಅದರಲ್ಲಿ ನಲವತ್ತು ಗಜಕ್ಕೆ ನೂರು ಬಂದರೆ ಹೊಸದರ ಹಂಗಿಲ್ಲ. ಬರದಿದ್ದರೆ ಬಾಯಿಯ ಅಡ್ಡಳತೆ 0.660 ಇಂಚಿನ ಆಸುಪಾಸಿರುವ ಟರ್ಕಿ ಚೋಕ್ ತೆಗೆದುಕೊಳ್ಳಬಹುದು. ಇನ್ನೂ ಬಿಗಿಯಾದದ್ದು ಇನ್ನೂ ಒಳ್ಳೆಯದೆಂಬುದು ತಪ್ಪು. ಒಂದು ಹಂತದ ನಂತರ ಸೀಸದ ಚರೆಗಳು ಒಂದಕ್ಕೊಂದು ಒತ್ತಿ ಆಕಾರ ಕೆಟ್ಟು, ಹರಹು ಮತ್ತೆ ಚದುರುತ್ತದೆ. ಚರೆಯ ಹಿಂದೆ ಬರುವ ಪ್ಲಾಸ್ಟಿಕ್ ವ್ಯಾಡಿನ ವಿನ್ಯಾಸವೂ ಮುಖ್ಯ. ಕೆಲವು ವ್ಯಾಡ್‌ಗಳು ರಂಧ್ರಗಳಿರುವ ಚೋಕಿನಲ್ಲಿ ಸರಿಯಾಗಿ ವರ್ತಿಸುವುದಿಲ್ಲ, ಉಕ್ಕು ಮತ್ತು ಟಂಗ್‌ಸ್ಟನ್ ಎಲ್ಲ ಚೋಕಿಗೂ ಸಲ್ಲುವುದಿಲ್ಲ. ಡಬ್ಬಿಯ ಮೇಲಿನ ಸೂಚನೆಯನ್ನೂ ಚೋಕಿನ ಮೇಲಿನ ಬರಹವನ್ನೂ ಓದಿಯೇ ಹೊಡೆಯಿರಿ.

ಶರಾವತಿ1 (ಕ್ಯಾಲಿಫೋರ್ನಿಯಾ):

ನಮ್ಮಲ್ಲಿ ಈ ಚರ್ಚೆಗೆ ಅರ್ಧ ಉತ್ತರವನ್ನು ಕಾನೂನೇ ಕೊಟ್ಟಿದೆ: 2019ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಕೋವಿಯಿಂದ ಮಾಡುವ ಯಾವ ಬೇಟೆಗೂ ಸೀಸವನ್ನು ಬಳಸುವಂತಿಲ್ಲ. ನೀರುಹಕ್ಕಿಗಳ ಬೇಟೆಗಂತೂ ಇಡೀ ದೇಶದಲ್ಲಿ 1991ರಿಂದಲೇ ಸೀಸ ನಿಷಿದ್ಧ. ಸತ್ತ ಪ್ರಾಣಿಯ ಅವಶೇಷದೊಂದಿಗೆ ಸೀಸದ ಚೂರುಗಳನ್ನು ನುಂಗಿ ಕಾಂಡೋರ್, ಹದ್ದುಗಳಂಥ ಪಕ್ಷಿಗಳು ಸಾಯುವುದನ್ನು ಕಂಡ ಮೇಲೆ ಬಂದದ್ದು ನಮ್ಮ ರಾಜ್ಯದ ಈ ನಿಯಮ, ನನಗೆ ಅದರ ಬಗ್ಗೆ ಅಸಮಾಧಾನವಿಲ್ಲ. ಟರ್ಕಿಯನ್ನು ತಲೆಗೆ ಹೊಡೆಯುವುದರಿಂದ ಎದೆಯ ಮಾಂಸಕ್ಕೆ ಚರೆ ಸೇರುವುದು ಕಡಿಮೆ ಎನ್ನುವುದು ನಿಜ, ಆದರೆ ನಲವತ್ತು ಗಜದಲ್ಲಿ ಹರಹಿನ ಅಂಚಿನ ಚರೆಗಳು ಎದೆಗೂ ರೆಕ್ಕೆಗೂ ಬೀಳುತ್ತವೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಅಡುಗೆಗೆ ಇಳಿಸುವಾಗ ಸೀಸವಿಲ್ಲ ಎನ್ನುವ ನೆಮ್ಮದಿಯೇ ಬೇರೆ.

ನಾನು ಬಳಸುವುದು ಬಿಸ್ಮತ್‌ನ 4ನೇ ನಂಬರು. ಲೋಹಶಾಸ್ತ್ರಿಯವರ ಲೆಕ್ಕದಂತೆ ಅದು ಸೀಸದ 6ಕ್ಕೆ ಹತ್ತಿರ ಬರುತ್ತದೆ, ಆದ್ದರಿಂದ ಮೂವತ್ತೈದು ಗಜಕ್ಕಿಂತ ಆಚೆ ನಾನು ಕುದುರೆಗೆ ಬೆರಳಿಡುವುದಿಲ್ಲ. ಬಿಸ್ಮತ್ ಮೆತ್ತಗಿರುವುದರಿಂದ ಹಳೆಯ ಜೋಡುನಳಿಗೆ ಕೋವಿಗಳ ನಳಿಗೆಗೂ ಹಾನಿಯಿಲ್ಲ. ಟಿಎಸ್ಎಸ್ ಬಳಸುವವರು ಮಾತ್ರ ಮಾಂಸವನ್ನು ಬೆರಳಿನಿಂದ ಚೆನ್ನಾಗಿ ತಡವಿ ನೋಡಿ. ಸೀಸವಾದರೆ ಹಲ್ಲಿಗೆ ಸಿಕ್ಕಾಗ ಚಪ್ಪಟೆಯಾಗುತ್ತದೆ, ಟಂಗ್‌ಸ್ಟನ್ ಸಿಕ್ಕರೆ ಚಪ್ಪಟೆಯಾಗುವುದು ಹಲ್ಲು.

ನೇರನುಡಿ (ನ್ಯೂಜೆರ್ಸಿ):

ಓದುತ್ತಿರುವ ಬಹಳ ಜನ ವೀಸಾದಲ್ಲಿರಬಹುದು, ಅವರಿಗಾಗಿ ಒಂದು ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನಷ್ಟೇ ಅಲ್ಲ, ತೋಟಾವನ್ನು ಹೊಂದಿರುವುದನ್ನೂ ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಊರ್ಜಿತದಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿಯಿದೆ. ಪರವಾನಗಿಯ ಅವಧಿ ಮುಗಿದ ಮೇಲೆ ಕಪಾಟಿನಲ್ಲಿ ಉಳಿದ ಅರ್ಧ ಡಬ್ಬಿ ತೋಟಾವೂ ತೊಂದರೆ ತರಬಲ್ಲದು. ಹಸಿರು ಕಾರ್ಡ್ ಪಡೆದವರಿಗೆ ಈ ನಿರ್ಬಂಧವಿಲ್ಲ. ಸಂದೇಹವಿದ್ದರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಲೋಹಶಾಸ್ತ್ರಿ (ವಿಸ್ಕಾನ್ಸಿನ್):

ಕಪ್ಪುಮಣ್ಣು ಅವರೇ, ಅರವತ್ತು ಗಜದ ಪರವಾಗಿ ನಾನೂ ವಾದಿಸಿಲ್ಲ. ಒಳ್ಳೆಯ ಹರಹಿರುವ ತೋಟಾ ನಲವತ್ತು ಗಜದಲ್ಲಿ ಗುರಿಯ ಸಣ್ಣ ತಪ್ಪನ್ನು ಮನ್ನಿಸುತ್ತದೆ ಎನ್ನುವುದು ನನ್ನ ಮಾತು. ಕಾಡಿನಲ್ಲಿ ದೂರವನ್ನು ಕಣ್ಣಳತೆಯಲ್ಲಿ ಹೇಳುವವರು ನಲವತ್ತೆಂದುಕೊಂಡದ್ದು ನಿಜದಲ್ಲಿ ಐವತ್ತಿರುತ್ತದೆ. ಬೇಟೆಗಾರನೊಬ್ಬ ಅಷ್ಟು ತಪ್ಪಿದಾಗ ಹಕ್ಕಿ ಗಾಯಗೊಂಡು ನರಳುವುದಕ್ಕಿಂತ ಸತ್ತು ಬೀಳುವುದು ಮೇಲಲ್ಲವೇ?

ಕಪ್ಪುಮಣ್ಣು (ಟೆಕ್ಸಾಸ್):

ಹಾಗಾದರೆ ಟಂಗ್‌ಸ್ಟನ್‌ಗಿಂತ ಮೊದಲು ದೂರ ಅಳೆಯುವ ರೇಂಜ್‌ಫೈಂಡರ್ ಕೊಳ್ಳಲಿ ಎನ್ನುತ್ತೇನೆ. ಕುಳಿತ ಕೂಡಲೇ ಸುತ್ತಲಿನ ನಾಲ್ಕು ಮರಗಳ ದೂರವನ್ನು ಅಳೆದಿಟ್ಟುಕೊಂಡರೆ, ಹಕ್ಕಿ ಯಾವ ಮರದ ಈಚೆ ಬಂದರೆ ಹೊಡೆಯಬಹುದು ಎನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ. ಗರಿ ಬಿಚ್ಚಿ ಕತ್ತನ್ನು ಮೈಯೊಳಗೆ ಎಳೆದುಕೊಂಡು ಕುಣಿಯುತ್ತಿರುವ ಹಕ್ಕಿಗೆ ಎಷ್ಟು ಒಳ್ಳೆಯ ತೋಟಾ ಇದ್ದರೂ ಹೊಡೆಯಬೇಡಿ. ಬಾಯಿಂದ ಒಂದು ಗಟ್ಟಿಯಾದ 'ಕ್ಲಕ್' ಹೊರಡಿಸಿದರೆ ಅದು ಕತ್ತು ನಿಗುರಿಸಿ ನೋಡುತ್ತದೆ, ಈಡು ಹಾರಿಸಬೇಕಾದದ್ದು ಆಗ. ಇನ್ನೊಂದು ಮಾತು: ಗುಟುರು ಕೇಳಿದ ಕಡೆಗೆ ತೆವಳಿಕೊಂಡು ಹೋಗಬೇಡಿ, ಆ ದನಿ ಇನ್ನೊಬ್ಬ ಬೇಟೆಗಾರನದ್ದೂ ಆಗಿರಬಹುದು. ಕೆಂಪು, ನೀಲಿ, ಬಿಳಿ ಬಣ್ಣದ ಬಟ್ಟೆಯ ಚೂರೂ ಮೈಮೇಲೆ ಕಾಣದಿರಲಿ, ಗಂಡು ಟರ್ಕಿಯ ತಲೆಯ ಬಣ್ಣಗಳು ಅವೇ.

ತುಂಗಾತೀರ (ಪೆನ್ಸಿಲ್ವೇನಿಯಾ):

ಶನಿವಾರ ರೇಂಜಿಗೆ ಹೋಗಿ ಹಾಳೆಗಳನ್ನು ಹೊಡೆದು ಬಂದೆ. ಹಳೇಕೋವಿಯವರು ಹೇಳಿದಂತೆ ಎರಡೂ 1¾ ಔನ್ಸಿನ ತೋಟಾಗಳೇ. ಇರುವ ಫುಲ್ ಚೋಕಿನಲ್ಲಿ 5ನೇ ನಂಬರು ನಲವತ್ತು ಗಜಕ್ಕೆ ಯಾವ ಹಾಳೆಯಲ್ಲೂ ನೂರು ಮುಟ್ಟಲಿಲ್ಲ, ಕತ್ತಿನ ಚಿತ್ರದ ಮೇಲೆ ಎರಡು ಕಡೆ ಖಾಲಿ ಜಾಗವೂ ಇತ್ತು. 6ನೇ ನಂಬರು ಎಲ್ಲ ಹಾಳೆಗಳಲ್ಲೂ ನೂರು ದಾಟಿತು, ಆದರೆ ಚರೆಯ ಗುಂಪು ಗುರಿಗಿಂತ ಮೂರು ಇಂಚಿನಷ್ಟು ಎಡಕ್ಕೆ ಬೀಳುತ್ತಿದೆ. ಮೂವತ್ತೈದು ಗಜವನ್ನು ಗಡಿಯಾಗಿಟ್ಟುಕೊಂಡು 6ನ್ನೇ ಆರಿಸಿದ್ದೇನೆ. ಹೊಸ ಚೋಕ್ ಬೇಡವೆನಿಸಿತು, ಉಳಿದ ಹಣದಲ್ಲಿ ಕೆಂಪು ಚುಕ್ಕೆಯ ಸೈಟ್ ಕೊಳ್ಳುವ ಯೋಚನೆಯಿದೆ. ಅದನ್ನು ಟರ್ಕಿ ತೋಟಾದಿಂದಲೇ ಸರಿಹೊಂದಿಸಬೇಕೇ, ಟಾರ್ಗೆಟ್ ತೋಟಾ ಸಾಕೇ?

ಹಳೇಕೋವಿ (ನ್ಯೂಯಾರ್ಕ್):

ಒರಟಾಗಿ ಸರಿಹೊಂದಿಸಲು ಟಾರ್ಗೆಟ್ ತೋಟಾ ಸಾಕು, ಕೊನೆಯ ಎರಡು ಮೂರು ಈಡುಗಳು ಮಾತ್ರ ಕಾಡಿಗೆ ಒಯ್ಯುವ ತೋಟಾದವೇ ಆಗಿರಲಿ, ಎರಡರ ಚರೆಗುಂಪು ಒಂದೇ ಕಡೆ ಬೀಳುತ್ತದೆಂಬ ಖಾತರಿಯಿಲ್ಲ. ಆ ಈಡುಗಳನ್ನು ಮೇಜಿನ ಮೇಲಿಂದ ಹೊಡೆಯುವ ಬದಲು ನೆಲದ ಮೇಲೆ ಕುಳಿತು, ಬೆನ್ನನ್ನು ಮರಕ್ಕೆ ಆನಿಸಿ, ಕೋವಿಯನ್ನು ಮಂಡಿಯ ಮೇಲಿಟ್ಟು ಹೊಡೆಯಿರಿ; ಕಾಡಿನಲ್ಲಿ ನೀವು ಕೂರುವುದು ಹಾಗೆಯೇ. ಚೋಕನ್ನು ತೆಗೆದು ಮತ್ತೆ ಹಾಕಿದರೆ ಇನ್ನೊಂದು ಹಾಳೆ ಹೊಡೆದು ಖಚಿತಪಡಿಸಿಕೊಳ್ಳಿ. 6ನೇ ನಂಬರಿನ ಅದೇ ಲಾಟಿನ ಇನ್ನೊಂದು ಡಬ್ಬಿ ಅಂಗಡಿಯಲ್ಲಿ ಸಿಕ್ಕರೆ ಈಗಲೇ ತೆಗೆದಿಟ್ಟುಕೊಳ್ಳಿ, ಏಪ್ರಿಲ್ ಕೊನೆಯ ವಾರದಲ್ಲಿ ಕಪಾಟು ಖಾಲಿಯಾಗಿರುತ್ತದೆ.